ಗೆದ್ದವರ ಮನೆ ಊಟ

ನಮ್ಮೂರಲ್ಲಿ ಗೆದ್ದವರು ಅಡುಗೆ ಮಾಡಬೇಕು, ಸೋತವರು ಉಣ್ಣಬೇಕು. ಕೇರಂ ಆಟವಿರಲಿ, ಕೋರ್ಟಿನ ವ್ಯಾಜ್ಯವಿರಲಿ, ಪುರಸಭೆಯ ಚುನಾವಣೆಯಿರಲಿ, ಗೆದ್ದವರು ತಮ್ಮ ಕೈಯಾರೆ ಬೇಯಿಸಿ, ಸೋತವರನ್ನು ಎಲೆಯ ಮುಂದೆ ಕೂರಿಸಿ ಬಡಿಸಬೇಕು. ಸೋತವರು ಉಂಡೆದ್ದು ಕೈತೊಳೆದು 'ಮುಗೀತು' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಸೋಲಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು, ಬೈಯಬಹುದು, ನಗಬಹುದು. ಉಣ್ಣುವ ತನಕ ಮಾತ್ರ ಆಗುವುದಿಲ್ಲ. ಆಡಬಾರದು ಅಂತಲ್ಲ, ಆಗುವುದಿಲ್ಲ. ಬಾಯಿ ತೆರೆಯುತ್ತದೆ, ನಾಲಿಗೆ ಏಳುತ್ತದೆ, ಮಾತು ಹೊರಡುವುದಿಲ್ಲ. ಗೆದ್ದವರ ವಿಷಯ ಬೇಕಾದರೆ ಆಡಬಹುದು. ತಾನು ಸೋತ ವಿಷಯ ಗಂಟಲು ದಾಟುವುದಿಲ್ಲ.

ಹಾಗಾಗಿ ನಮ್ಮಲ್ಲಿ ಚುನಾವಣೆಗೆ ನಿಲ್ಲುವವರು ಭಾಷಣಕ್ಕಿಂತ ಮೊದಲು ಸಾರು ಮಾಡುವುದನ್ನು ಕಲಿಯುತ್ತಾರೆ. ಏಳನೇ ವಾರ್ಡಿನ ಬೋರಣ್ಣ ನಾಲ್ಕು ಸಲ ಸೋತು ನಾಲ್ಕು ಸಲ ಹೋಳಿಗೆ ಉಂಡವನು. ಐದನೇ ಸಲ ಗೆದ್ದ ದಿನ ಒಲೆ ಹೊತ್ತಿಸಲು ಬಾರದೆ ಅಂಗಳದಲ್ಲಿ ಕೂತು ಅತ್ತಿದ್ದ. ಮಳೆ ಹಿಡಿದ ದಿನ ಮಕ್ಕಳು ಬಜ್ಜಿಯ ಆಸೆಗೆ ಬೇಕೆಂದೇ ಚೌಕಾಬಾರ ಸೋಲುತ್ತಾರೆ. ಆದರೆ ಒಮ್ಮೆ ಎಲೆಗೆ ಬಡಿಸಿದ ಮೇಲೆ ಊಟ ಮುಗಿಸದೆ ಏಳಬಾರದು. ಎದ್ದರೆ ಆ ಸೋಲು ಹಾಗೇ ಉಳಿಯುತ್ತದೆ. ತಿಪ್ಪೇಶಿ ಮೇಷ್ಟ್ರು ಮೂವತ್ತು ವರ್ಷದ ಕೆಳಗೆ ಚದುರಂಗ ಸೋತು, ಉಪ್ಪು ಜಾಸ್ತಿಯಾಯಿತೆಂದು ಅರ್ಧ ಊಟಕ್ಕೆ ಎದ್ದುಹೋದರು. ಅವರ ಆನೆಯನ್ನು ಎದುರಾಳಿ ಹೇಗೆ ಹೊಡೆದ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಬಾಯಿ ತೆರೆದು, ಮುಚ್ಚಿ, ಕೊಡೆ ಬಿಚ್ಚಿಕೊಂಡು ಹೊರಟುಬಿಡುತ್ತಾರೆ.

ನಾನು ಹೆಂಚಿನ ಕಾರ್ಖಾನೆಯ ಪಕ್ಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ಹೆಸರು ದಾಕ್ಷಾಯಿಣಿ. ಹುಡುಗಿಯರಿಗೆ ಹಾಕಿ ಕಲಿಸುತ್ತೇನೆ. ನನ್ನ ಕಾಲದಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದೆ. ಮೊಣಕಾಲು ಕೈಕೊಟ್ಟಿತು, ಆಟ ಬಿಟ್ಟೆ, ಹುಚ್ಚು ಬಿಡಲಿಲ್ಲ. ಮದುವೆಯಾಗಲಿಲ್ಲ. ಅಣ್ಣ ಚೆಲುವರಾಜು, ಅತ್ತಿಗೆ, ನಾನು ಒಂದೇ ಮನೆಯಲ್ಲಿ ಇದ್ದೇವೆ.

ಈ ಕಥೆ ಅತ್ತಿಗೆಯದು. ಅಣ್ಣ ವಯಸ್ಸಿನಲ್ಲಿ ಹಡಗಿನ ಫಿಟ್ಟರ್ ಆಗಿದ್ದ. ಸಮುದ್ರದಾಚೆಯ ಒಂದು ಪುಟ್ಟ ದ್ವೀಪದಲ್ಲಿ ಹಡಗು ಕೆಟ್ಟು ನಾಲ್ಕು ತಿಂಗಳು ನಿಂತಿತಂತೆ. ಹಡಗು ರಿಪೇರಿಯಾಗುವಷ್ಟರಲ್ಲಿ ಅವನ ಮದುವೆಯೂ ಆಗಿತ್ತು. ಅತ್ತಿಗೆಯ ಹೆಸರು ಮಿರೆಲ್ಲ. ಊರಿಗೆ ಬಂದ ವಾರದಲ್ಲೇ ಅದು ಮೀರ ಆಗಿ, ತಿಂಗಳು ಕಳೆಯುವಷ್ಟರಲ್ಲಿ ಮೀರಕ್ಕ ಆಯಿತು. ಹತ್ತೊಂಬತ್ತು ವರ್ಷ ಆ ಹೆಸರೇ ನಡೆಯಿತು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದರಲ್ಲಿ, ನಮ್ಮಮ್ಮನ ಕೊನೆಗಾಲದಲ್ಲಿ ಅವಳ ತಲೆ ಬಾಚುವುದರಲ್ಲಿ, ಬಾಣಂತಿಯರಿಗೆ ಖಾರದ ಉಂಡೆ ಕಟ್ಟುವುದರಲ್ಲಿ ಅವರು ಈ ಊರಿನವರಲ್ಲ ಅನ್ನುವುದು ಯಾರಿಗೂ ನೆನಪಾಗುತ್ತಿರಲಿಲ್ಲ. ಹಾಕಿ ಮಾತ್ರ ಅವರಿಗೆ ಅಂಟಲಿಲ್ಲ. ನಮ್ಮ ದೇಶದ ಪಂದ್ಯವಿದ್ದ ದಿನ ಊರೆಲ್ಲ ಸಂಘದ ಹಜಾರದಲ್ಲಿ ದೊಡ್ಡ ಟಿವಿಯ ಮುಂದೆ ಸೇರುತ್ತದಲ್ಲ, ಅತ್ತಿಗೆಯೂ ಒಂದು ಬುಟ್ಟಿ ಅವರೆಕಾಯಿ ತಂದು ಕೂರುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟುತ್ತಿದ್ದರು, ಎಲ್ಲರೂ 'ಅಯ್ಯೋ' ಅಂದಾಗ ಅನ್ನುತ್ತಿದ್ದರು, ನಡುವೆ ಕಾಳು ಸುಲಿಯುತ್ತಿದ್ದರು.

ಆ ಭಾನುವಾರದ ಮಧ್ಯಾಹ್ನ ನಮ್ಮ ಹೆಣ್ಣುಮಕ್ಕಳ ತಂಡದ ಎದುರಿಗೆ ಬಂದದ್ದು ಅದೇ ದ್ವೀಪದ ದೇಶ. ಅಷ್ಟು ದೊಡ್ಡ ಪಂದ್ಯಾವಳಿಗೆ ಅವರು ಬಂದದ್ದೇ ಮೊದಲ ಸಲ. ಆಗಲೇ ಎರಡು ಪಂದ್ಯ ಸೋತು ಸುಣ್ಣವಾಗಿದ್ದರು. ನಾವು ಗೆಲ್ಲುವುದೂ ಬೇಕಿರಲಿಲ್ಲ, ಸಮ ಮಾಡಿಕೊಂಡರೆ ಸೆಮಿಫೈನಲ್ ಸಿಗುತ್ತಿತ್ತು. ಟೀ ಅಂಗಡಿಯ ಜಬ್ಬಾರ್ ಬಾಗಿಲಲ್ಲೇ ಅತ್ತಿಗೆಯನ್ನು ತಡೆದು, "ಮೀರಕ್ಕ, ಇವತ್ತು ನಾವು ಗೆದ್ರೆ ಊರೆಲ್ಲ ಸೇರಿ ನಿಮಗೊಬ್ಬರಿಗೇ ಅಡುಗೆ ಮಾಡಬೇಕಾಗುತ್ತೆ. ಇನ್ನೂರು ಜನರ ಕೈಯಡುಗೆ. ಹೊಟ್ಟೆ ಖಾಲಿ ಇಟ್ಕೊಳಿ," ಅಂದ. ಅತ್ತಿಗೆ ನಗುತ್ತಾ, "ಉಪ್ಪಿಟ್ಟು ಮಾತ್ರ ಬೇಡಪ್ಪ," ಅಂದರು.

ಐವತ್ತನಾಲ್ಕನೇ ನಿಮಿಷದಲ್ಲಿ ನಾವು ಎರಡು ಗೋಲು ಮುಂದಿದ್ದೆವು. ಹಜಾರದಲ್ಲಿ ಆಗಲೇ ಕಡಲೇಪುರಿ ಹಂಚುತ್ತಿದ್ದರು. ಆಮೇಲಿನ ಆರು ನಿಮಿಷದಲ್ಲಿ ಏನಾಯಿತೆಂದು ಹೇಳುವುದು ಕಷ್ಟ, ಬರೆಯುವುದು ಸುಲಭ. ಅವರಿಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಗೋಲಾಯಿತು. ಎರಡನೆಯದು ನಮ್ಮ ಹುಡುಗಿಯ ಕೋಲಿಗೇ ತಗುಲಿ ಒಳಗೆ ಹೋಯಿತು. ನಲವತ್ತು ಸೆಕೆಂಡು ಉಳಿದಿದ್ದಾಗ ಇನ್ನೊಂದು ಪೆನಾಲ್ಟಿ ಕಾರ್ನರ್. ಅವರ ಏಳನೇ ನಂಬರಿನ ಹುಡುಗಿ ಓಡಿಬಂದು ಹೊಡೆದಳು. ಚೆಂಡು ಕಂಬದ ಪಕ್ಕ ನಿಂತ ನಮ್ಮ ಹುಡುಗಿಯ ಕೋಲಿಗೂ ನೆಲಕ್ಕೂ ನಡುವೆ, ಅಂಗೈ ಅಗಲದ ಜಾಗದಲ್ಲಿ ನುಸುಳಿತು.

ಹಜಾರದಲ್ಲಿ ಇನ್ನೂರು ಜನ ಉಸಿರು ಹಿಡಿದಿದ್ದರು. ಆ ಮೌನದಲ್ಲಿ ಅತ್ತಿಗೆ ಒಂದು ಮಾತು ಕೂಗಿದರು. ಕನ್ನಡವಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳದ ಭಾಷೆಯ ಒಂದೇ ಒಂದು ಪದ. ಎಲ್ಲರೂ ತಿರುಗಿ ನೋಡಿದರು. ಅತ್ತಿಗೆ ಎದ್ದು ನಿಂತಿದ್ದರು, ಅವರೆಕಾಳು ನೆಲದ ತುಂಬ ಚೆಲ್ಲಿತ್ತು.

ನಮ್ಮ ತಂಡ ಹಿಂದೆಯೂ ಎಷ್ಟೋ ಸಲ ಸೋತಿದೆ. ಗೆದ್ದವರು ಎಲ್ಲೋ ಸಮುದ್ರದಾಚೆ ಇರುತ್ತಿದ್ದರು, ಅಂಥ ಸೋಲಿಗೆ ಊರಿನ ಕಟ್ಟು ತಗಲುತ್ತಿರಲಿಲ್ಲ. ಹಜಾರದಿಂದ ಆಚೆ ಬಂದು, ಅಂಪೈರನ್ನು ಬೈದು, ಜಬ್ಬಾರನ ಅಂಗಡಿಯಲ್ಲಿ ಟೀ ಕುಡಿದರೆ ಅರ್ಧ ಹಗುರಾಗುತ್ತಿತ್ತು. ಆವತ್ತು ಹೂಟರ್ ಕೂಗಿದ ಮೇಲೆ ನಾನು ಬೈಯಲೆಂದು ಬಾಯಿ ತೆರೆದೆ. ಮಾತು ಬರಲಿಲ್ಲ. ಪಕ್ಕದಲ್ಲಿ ಜಬ್ಬಾರ್ ಬಾಯಿ ತೆರೆದ, ಅವನಿಗೂ ಬರಲಿಲ್ಲ. ಸಾಲುಸಾಲಾಗಿ ಜನ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು. ಆಗ ಎಲ್ಲರಿಗೂ ಅರ್ಥವಾಯಿತು. ಈ ಸಲ ಗೆದ್ದವರು ಊರೊಳಗೇ ಇದ್ದಾರೆ.

ನನ್ನ ಗಂಟಲಲ್ಲಿ ಅಷ್ಟೊಂದು ಕೋಪ ತುಂಬಿಕೊಂಡಿತ್ತು. ಹೊರಗೆ ಬರಬಹುದಾಗಿದ್ದ ಮಾತು ಒಂದೇ ಉಳಿದಿತ್ತು, ಅದು ಬಂತು. "ಅತ್ತಿಗೆ, ನಿಮ್ಮೋರು ಗೆದ್ರು. ಸಂತೋಷ ತಾನೆ?" ಅಂದೆ. ಬೇರೆ ಮಾತು ಬರುತ್ತಿರಲಿಲ್ಲ, ನಿಜ. ಸುಮ್ಮನಿರಬಹುದಿತ್ತು, ಅದೂ ನಿಜ.

ಅತ್ತಿಗೆ ನನ್ನ ಮುಖ ನೋಡಿದರು. ಕೆಳಗೆ ಕೂತು, ಚೆಲ್ಲಿದ ಕಾಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಓಬಳಯ್ಯ ಬಂದರು. ಊರಿನ ಕರೆಯುವವರು ಅವರು. ಯಾರು ಗೆದ್ದರೂ ಅವರ ಬಾಗಿಲಿಗೆ ಹೋಗಿ ಕೇಳುವ ಕೆಲಸ ಅವರದು, ನಲವತ್ತು ವರ್ಷದಿಂದ. ಮೂರು ಬೆಳಿಗ್ಗೆ ಕೇಳುತ್ತಾರೆ. ಮೂರನೆಯ ಬೆಳಿಗ್ಗೆಯೂ ಗೆದ್ದವರು ಒಪ್ಪದಿದ್ದರೆ ಸೋತವರ ಬಾಯಿ ಆ ವಿಷಯದಲ್ಲಿ ಶಾಶ್ವತವಾಗಿ ಕಟ್ಟಿದ ಹಾಗೆ. ಓಬಳಯ್ಯ ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತು, ಎಂದಿನ ಪ್ರಶ್ನೆ ಕೇಳಿದರು.

"ಗೆದ್ದೋರ ಮನೆ ಇದೇನಾ?"

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ನಾನೇನು ಆಡಿದ್ನಾ ಓಬಳಯ್ನೋರೆ? ಆ ಕೋಲು ಹಿಡಿಯೋದು ಯಾವ ಕಡೆಯಿಂದ ಅಂತಾನೂ ನನಗೆ ಗೊತ್ತಿಲ್ಲ."

"ಆಡಿದೋರು ಇಲ್ಲಿಗೆ ಬರಲ್ಲವಲ್ಲ ತಾಯಿ. ನೀವಿದ್ದೀರಿ."

"ನಾನು ಇಲ್ಲಿಯವಳು ಅಂದ್ಕೊಂಡಿದ್ದೆ."

ಓಬಳಯ್ಯ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ನಾನು ನಾಳೆ ಬರ್ತೀನಿ ಬಿಡಿ. ಅವಸರ ಏನಿಲ್ಲ," ಅಂದು ಹೋದರು.

ಆ ಎರಡು ದಿನ ಊರು ವಿಚಿತ್ರವಾಗಿತ್ತು. ಜಬ್ಬಾರನ ಅಂಗಡಿಯಲ್ಲಿ ಜನ ಸೇರುತ್ತಿದ್ದರು. ಒಬ್ಬ, "ಆ ಎರಡನೇ..." ಅಂತ ಶುರುಮಾಡಿ ಗುಟುಕು ನುಂಗಿ, "ಬಿಸಿಲು ಜೋರು," ಅನ್ನುತ್ತಿದ್ದ. ನನ್ನ ಹುಡುಗಿಯರು ಮೈದಾನದಲ್ಲಿ ಕೋಲು ಹಿಡಿದು ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಕಲ್ಲಾಟ ಆಡಿದರು. ನನ್ನ ತಲೆಯಲ್ಲಿ ಆ ಆರು ನಿಮಿಷ ಗಿರಣಿಯ ಪಟ್ಟಿಯ ಹಾಗೆ ತಿರುಗುತ್ತಿತ್ತು, ಬಾಯಿಗೆ ಮಾತ್ರ ಬೀಗ.

ಅತ್ತಿಗೆಯ ಮೇಲೆ ಯಾರೂ ಸಿಟ್ಟಾಗಲಿಲ್ಲ. ಅದನ್ನು ಹೇಳಲೇಬೇಕು. ಎಲ್ಲರೂ ಸರಿಯಾಗಿ, ಗೆದ್ದವರ ಜೊತೆ ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊಂಡರು. ಸೊಪ್ಪಿನವಳು ಚೌಕಾಸಿಗೆ ಬರಲಿಲ್ಲ, "ನೀವು ಕೊಟ್ಟಷ್ಟು ಕೊಡಿ" ಅಂದಳು. ನೀರಿನ ಸಾಲಿನಲ್ಲಿ ಅವರಿಗೆ ಮುಂದೆ ಜಾಗ ಬಿಟ್ಟರು. ಹಾಲಿನವಳು "ಮೀರಕ್ಕ" ಅನ್ನಲು ಹೋಗಿ, ತಡೆದು, "ಮಿರೆಲ್ಲಮ್ಮನೋರೆ" ಅಂದಳು. ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದಾಗ ಅವರ ಮುಖ ನೋಡಬೇಕಿತ್ತು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ನನಗೆ ಕೇಳುವಂತೆ, "ಜಗಳ ಆಡಿದ್ರೆ ಪರವಾಗಿರ್ಲಿಲ್ಲ. ಮರ್ಯಾದೆ ಕೊಡ್ತಿದ್ದಾರೆ," ಅಂದರು.

ಎರಡನೇ ಬೆಳಿಗ್ಗೆ ಓಬಳಯ್ಯ ಬಂದು ಕೇಳಿದರು. ಅತ್ತಿಗೆ ಒಳಗಿಂದಲೇ, "ಇವತ್ತು ತಲೆನೋವು," ಅಂದರು. ಅಣ್ಣ ಪಂಪ್‌ಸೆಟ್ ಬಿಚ್ಚಿ ಹರಡಿಕೊಂಡು ಕೂತವನು ತಲೆಯೆತ್ತಲಿಲ್ಲ. ಅವನೂ ಹಜಾರದಲ್ಲಿ ಕೂತು ಸೋತವನೇ, ಅವನ ಬಾಯಿಯೂ ಕಟ್ಟಿತ್ತು. ಓಬಳಯ್ಯ ಹೋದ ಮೇಲೆ, "ಅವಳು ಮಾಡಲ್ಲ ಅಂದ್ರೆ ಬೇಡ. ನಾನು ಜೀವನಪೂರ್ತಿ ಈ ವಿಷಯ ಮಾತಾಡದೆ ಇರ್ತೀನಿ. ನೀನು ಇರ್ತೀಯಾ?" ಅಂತ ನನ್ನನ್ನು ಕೇಳಿದ.

ಸಂಜೆ ಅತ್ತಿಗೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಾನು ಹೋಗಿ ಹಗ್ಗದ ಇನ್ನೊಂದು ತುದಿಯಿಂದ ತೆಗೆಯಲು ಶುರುಮಾಡಿದೆ. ನಡುವೆ ಒಂದು ಸೀರೆ ಉಳಿಯಿತು. ಅದನ್ನು ಇಬ್ಬರೂ ಹಿಡಿದು ಮಡಚಬೇಕಾಯಿತು.

"ಅತ್ತಿಗೆ, ಆವತ್ತು ನಾನು ಹಾಗೆ ಅನ್ನಬಾರದಿತ್ತು," ಅಂದೆ.

"ಅನ್ನಬಾರದಿತ್ತು," ಅಂದರು. ಸೀರೆಯ ಅಂಚು ಸರಿಮಾಡಿದರು. "ಆದ್ರೆ ನೀನು ಕೇಳಿದ್ದು ಸುಳ್ಳಲ್ಲ. ಸಂತೋಷ ಆಯ್ತು. ಆ ಏಳನೇ ನಂಬರಿನ ಹುಡುಗಿ ಓಡ್ತಾಳಲ್ಲ, ಭುಜ ಒಂದು ಕಡೆ ವಾಲಿಸಿಕೊಂಡು. ನಮ್ಮ ಬಂದರಿನ ಕಡೆ ಹೆಣ್ಣುಮಕ್ಕಳು ಮೀನಿನ ಬುಟ್ಟಿ ಹೊತ್ತು ಹೊತ್ತು ಹಾಗೇ ನಡೀತಾರೆ. ನನ್ನಮ್ಮ ಹಾಗೇ ನಡೀತಿದ್ಲು. ದೋಣಿಗಳು ವಾಪಸ್ಸು ಬರೋದು ಕಂಡಾಗ ಅಮ್ಮ ಒಂದು ಮಾತು ಕೂಗ್ತಿದ್ಲು, 'ಬಂದ್ರು' ಅಂತ. ಅದೇ ನನ್ನ ಬಾಯಿಗೆ ಬಂತು. ನನಗೇ ಗೊತ್ತಾಗ್ಲಿಲ್ಲ."

ಸೀರೆಯ ಮಡಿಕೆಯನ್ನು ಅಂಗೈಯಲ್ಲಿ ಸವರಿದರು.

"ಆಮೇಲೆ ನಿನ್ನ ಮುಖ ನೋಡ್ದೆ ದಾಕ್ಷಿ. ನಿಮ್ಮಣ್ಣನ ಮುಖ ನೋಡ್ದೆ. ಜಬ್ಬಾರ್ ಅಳ್ತಾ ಇದ್ದ. ಎಲ್ಲ ಕೈಗೆ ಬಂದಿತ್ತು, ಕೊನೇಲಿ ನಾವು..."

ಅಷ್ಟಕ್ಕೆ ನಿಂತರು. ಬಾಯಿ ತೆರೆದೇ ಇತ್ತು. ಮತ್ತೆ "ನಾವು" ಅಂದರು. ಮುಂದಿನ ಮಾತು ಹೊರಡಲಿಲ್ಲ. ಗಂಟಲಿಗೆ ಕೈ ಇಟ್ಟುಕೊಂಡು ಮೂರನೇ ಸಲ ಪ್ರಯತ್ನಪಟ್ಟರು. ತುಟಿ ಆಡಿತು, ದನಿಯಿಲ್ಲ. ಸೀರೆಯ ಇನ್ನೊಂದು ತುದಿಯನ್ನು ನಾನು ಬಿಟ್ಟುಬಿಟ್ಟೆ. ಸೀರೆ ನೆಲಕ್ಕೆ ಬಿತ್ತು.

ನಮ್ಮೂರಲ್ಲಿ ನಾಲಿಗೆ ಸುಮ್ಮಸುಮ್ಮನೆ ಕಟ್ಟಿಕೊಳ್ಳುವುದಿಲ್ಲ. ಸೋಲದವನ ಬಾಯಿ ಕಟ್ಟಿದ್ದು ಇವತ್ತಿನವರೆಗೆ ಯಾರೂ ಕಂಡಿಲ್ಲ. ದ್ವೀಪದವರು ಗೆದ್ದರು ಅಂತ ಹೇಳಲು ಅತ್ತಿಗೆಗೆ ಬಂತು, ಗೆದ್ದ ಸಂತೋಷ ಹೇಳಲು ಬಂತು. ನಾವು ಸೋತೆವು ಅಂತ ಹೇಳಲು ಬರಲಿಲ್ಲ. ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ನಗಲು ಶುರುಮಾಡಿದರು. ನನಗೂ ನಗು ಬಂತು. ಅಣ್ಣ ಗ್ರೀಸು ಮೆತ್ತಿದ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನು ಸೀಟಿ ಹಾಕುವುದು ಕೇಳಿಸಿತು.

ಮೂರನೇ ಬೆಳಿಗ್ಗೆ ಓಬಳಯ್ಯನವರ ಹಿಂದೆ ಅರ್ಧ ಬೀದಿ ನಿಂತಿತ್ತು.

"ಗೆದ್ದೋರ ಮನೆ ಇದೇನಾ?"

"ಇದೇ," ಅಂದರು ಅತ್ತಿಗೆ. "ಶುಕ್ರವಾರ ಮಧ್ಯಾಹ್ನ ಊಟ. ಎಲ್ಲರಿಗೂ ಹೇಳಿ."

ಬೀದಿಯಲ್ಲಿ ಒಂದು ನಿಟ್ಟುಸಿರು ಹರಿಯಿತು. ಓಬಳಯ್ಯ ತಿರುಗಲು ಹೊರಟರು.

"ನಿಲ್ಲಿ ಓಬಳಯ್ನೋರೆ. ಸೋತೋರ ಮನೇನೂ ಇದೇ. ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಬೇಕು."

"ಅದು ಹೆಂಗಾಗುತ್ತೆ ತಾಯಿ? ಬಡಿಸೋರು ಉಣ್ಣೋದು ಆಮೇಲೆ."

ಅತ್ತಿಗೆ ಹೊಸ್ತಿಲು ದಾಟಿ ಅವರ ಮುಂದೆ ಬಂದು ನಿಂತರು. "ನೋಡಿ," ಅಂದು, ಹೇಳಲು ಹೋದರು. ಬಾಯಿ ತೆರೆಯಿತು. ಇಡೀ ಬೀದಿ ನೋಡುತ್ತಿತ್ತು. ಎರಡು ಸಲ, ಮೂರು ಸಲ. ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ.

ನಲವತ್ತು ವರ್ಷದಿಂದ ಅಂಥ ಬಾಯಿಗಳನ್ನು ನೋಡುತ್ತಾ ಬಂದವರು ಓಬಳಯ್ಯ. ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. "ಯಾವಾಗಿಂದ?"

"ಆವತ್ತಿಂದಾನೇ ಇರಬೇಕು. ನನಗೆ ಗೊತ್ತಾಗಿದ್ದು ನಿನ್ನೆ."

"ನಾನು ನಿಮ್ಮನ್ನ ಕೇಳೋ ಮುಂಚೆ ಅದನ್ನ ವಿಚಾರಿಸಬೇಕಿತ್ತು," ಅಂದರು ಓಬಳಯ್ಯ. ಆಮೇಲೆ ಬೀದಿಯ ಕಡೆ ತಿರುಗಿ, ದನಿಯೇರಿಸಿ, "ಇನ್ನೂರಾ ಒಂದು ಎಲೆ," ಅಂದರು.

ಗೆದ್ದವರ ಅಡುಗೆಗೆ ಇನ್ನೊಬ್ಬರ ಕೈ ತಗಲಬಾರದು. ತರಕಾರಿ ತಂದು ಇಡಬಹುದು, ಸೌದೆ ಒಟ್ಟಬಹುದು, ಆಮೇಲೆ ಅಡುಗೆ ಇಳಿಸುವ ತನಕ ಮುಟ್ಟುವಂತಿಲ್ಲ. ಅಡುಗೆ ತಮ್ಮ ಹುಟ್ಟಿದ ಮನೆಯದಾಗಿರಬೇಕು. ಅತ್ತಿಗೆ ಆಲೋಚಿಸಿದರು. ಅವರ ಊರಿನ ಊಟವೆಂದರೆ ಮೀನು. ನಮ್ಮಲ್ಲಿ ಅರ್ಧ ಜನ ತಿನ್ನುವುದಿಲ್ಲ. ಕೊನೆಗೆ ಅವರಮ್ಮ ಮೀನು ಸಿಗದ ದಿನ ಮಾಡುತ್ತಿದ್ದ ಒಂದು ಗೊಜ್ಜು ನೆನಪಾಯಿತು. ಬಾಳೆಕಾಯಿ, ಸಿಹಿಗುಂಬಳ, ತೆಂಗಿನ ಹಾಲು, ಹುಣಸೆಹುಳಿ, ಕೊನೆಯಲ್ಲಿ ಒಂದು ಹಿಡಿ ಬೆಲ್ಲ. ಹತ್ತೊಂಬತ್ತು ವರ್ಷದಿಂದ ಮಾಡಿರಲಿಲ್ಲ.

ಗುರುವಾರ ಬೆಳಗ್ಗೆಯೇ ಸಂಘದ ಹಿಂದಿನ ಅಂಗಳದಲ್ಲಿ ಈಳಿಗೆಮಣೆ ಹಾಕಿ ಕೂತರು. ಅರವತ್ತು ತೆಂಗಿನಕಾಯಿ. ನಾನು ಎದುರಿಗೆ ಕೈ ಕಟ್ಟಿಕೊಂಡು ಕೂತೆ. ಹತ್ತು ಕಾಯಿ ತುರಿಯುವಷ್ಟರಲ್ಲಿ ನನ್ನ ಕೈಯೇ ನೋಯತೊಡಗಿತು. ಅಣ್ಣ ಬಂದು ನಿಂತು, "ಮಣೆ ಸ್ವಲ್ಪ ಎತ್ತರ ಮಾಡಿಕೊಡ್ಲಾ?" ಅಂದ. "ದೂರ ನಿಂತ್ಕೊಳ್ರಿ, ಕೈ ತಗುಲಿದ್ರೆ ಮತ್ತೆ ಮೊದಲಿಂದ ಮಾಡಬೇಕು," ಅಂದರು ಅತ್ತಿಗೆ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಕೈಯಲ್ಲಿ ಮಾಡುವಂತಿಲ್ಲ, ಬಾಯಲ್ಲಿ ಮಾಡಬಹುದಲ್ಲ. ಕುಂಬಳದ ಹೋಳು ದಪ್ಪವಾಯಿತು ಅಂದರು, ಉರಿ ಕಡಿಮೆ ಮಾಡಿ ಅಂದರು. ಸೊಪ್ಪಿನವಳು ಹುಣಸೆಹಣ್ಣು ನೋಡಿ, "ಮೀರಕ್ಕ, ಇದನ್ನ ಯಾರ ಹತ್ರ ತಗೊಂಡ್ರಿ? ಹಳೇದು. ನಿಮಗೆ ಟೋಪಿ ಹಾಕಿದಾನೆ," ಅಂದಳು. ಅತ್ತಿಗೆ ತಲೆಯೆತ್ತದೆ ತುರಿಯುತ್ತಲೇ ಇದ್ದರು, ಆದರೆ ಅವರ ಕೆನ್ನೆಯಲ್ಲಿ ನಗು ಕಂಡಿತು.

ಶುಕ್ರವಾರ ಮೂರು ಕೊಪ್ಪರಿಗೆ ಗೊಜ್ಜು, ಎರಡು ಕೊಪ್ಪರಿಗೆ ಅನ್ನ. ಗೊಜ್ಜು ಇಳಿಸುವ ಹೊತ್ತಿಗೆ ಅತ್ತಿಗೆ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಇಂಗು ಹಾಕಿ, ಚಟಪಟ ಅನ್ನುತ್ತಿದ್ದ ಹಾಗೆ ಮೇಲೆ ಸುರಿದರು. ಸುರಿದ ಮೇಲೆ ಹಣೆಗೆ ಕೈ ಹಚ್ಚಿಕೊಂಡರು.

"ಏನಾಯ್ತು?" ಅಂದೆ.

"ನಮ್ಮಮ್ಮ ಒಗ್ಗರಣೆ ಹಾಕ್ತಿರ್ಲಿಲ್ಲ ಕಣೇ. ಅಲ್ಲಿ ಸಾಸಿವೇನೇ ಸಿಗಲ್ಲ. ಇದು ನಿಮ್ಮಮ್ಮ ಕಲಿಸಿದ್ದು."

ಓಬಳಯ್ಯನವರನ್ನು ಕೇಳಿದೆವು. ಅವರು ಕೊಪ್ಪರಿಗೆಯ ಹತ್ತಿರ ಬಂದು ಮೂಸಿ ನೋಡಿ, "ಹಾಕಿದ್ದು ಅವರ ಕೈ ತಾನೇ," ಅಂದರು.

ಹಜಾರದಲ್ಲಿ ಸಾಲು ಸಾಲು ಎಲೆ. ನನ್ನ ಹುಡುಗಿಯರು, ಜಬ್ಬಾರ್, ಬೋರಣ್ಣ, ತಿಪ್ಪೇಶಿ ಮೇಷ್ಟ್ರು, ಅಣ್ಣ, ಎಲ್ಲರೂ ಕೂತರು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬರೇ, ಇನ್ನೂರು ಎಲೆಗೂ ಅನ್ನ ಬಡಿಸಿ, ಗೊಜ್ಜು ಬಡಿಸಿದರು. ಮುಗಿಯುವಷ್ಟರಲ್ಲಿ ಮೊದಲ ಸಾಲಿನ ಅನ್ನ ಆರಿತ್ತು, ಯಾರೂ ಕೈ ಹಚ್ಚಲಿಲ್ಲ. ಎಲ್ಲ ಎಲೆಗೂ ಬಡಿಸಿದ ಮೇಲೆಯೇ ಮೊದಲ ತುತ್ತು. ಅತ್ತಿಗೆ ಸೌಟು ಇಟ್ಟು, ಕೈ ತೊಳೆದು ಬಂದು, ಹೆಂಗಸರ ಸಾಲಿನ ಕೊನೆಯಲ್ಲಿ ನನ್ನ ಪಕ್ಕದ ಎಲೆಯ ಮುಂದೆ ಕೂತರು.

ಅವರ ಎಲೆ ಖಾಲಿಯಿತ್ತು.

ಎಲ್ಲರಿಗೂ ಅದು ಹೊಳೆದದ್ದೇ ಆಗ. ಎಲೆ ಹಾಕಬೇಕೆಂದು ಒಪ್ಪಿಕೊಂಡೆವು. ಆ ಎಲೆಗೆ ಬಡಿಸುವವರು ಯಾರೆಂದು ಒಬ್ಬರೂ ಯೋಚಿಸಿರಲಿಲ್ಲ. ತನ್ನೆಲೆಗೆ ತಾನೇ ಬಡಿಸಿಕೊಂಡದ್ದು ಸೋತವರ ಊಟವಲ್ಲ, ಬರೀ ಊಟ. ಬಡಿಸಲು ಉಳಿದವರೆಲ್ಲ ಎಲೆಯ ಮುಂದೆ ಕೂತಿದ್ದಾರೆ, ಅವರ ಎಲೆಗೆ ಬಡಿಸಿ ಆಗಿದೆ, ಎದ್ದರೆ ಹೋಯಿತು. ಓಬಳಯ್ಯ ಬಾಗಿಲ ಬಳಿ ನಿಂತಿದ್ದರು. ಅವರು ಪಂಕ್ತಿಯಲ್ಲಿ ಕೂರದವರು, ಅವರು ಬಡಿಸಬಹುದೇ ಎಂದು ಎಲ್ಲರೂ ನೋಡಿದರು. ಅವರು ಮೆಲ್ಲಗೆ ತಲೆಯಾಡಿಸಿ, "ನಾನು ಆಟ ನೋಡಿದವನಲ್ಲ. ಹೊರಗಿನವನ ಕೈ ನಡೆಯಲ್ಲ," ಅಂದರು.

ಗೊಜ್ಜಿನ ಪರಿಮಳ ಮೂಗಿಗೆ ಹೊಡೆಯುತ್ತಿತ್ತು. ಅತ್ತಿಗೆ ಎಲೆಯ ಅಂಚನ್ನು ಬೆರಳಲ್ಲಿ ಸವರುತ್ತಾ, "ಹೋಗ್ಲಿ ಬಿಡಿ. ನೀವೆಲ್ಲ ಶುರು ಮಾಡಿ. ನಾನು ಆಮೇಲೆ ಉಣ್ತೀನಿ," ಅಂದು ಏಳಲು ನೆಲಕ್ಕೆ ಕೈಯೂರಿದರು.

ನಾನು ಎದ್ದೆ.

"ಟೀಚರ್, ಕೂತ್ಕೊಳ್ಳಿ," ಅಂದ ಜಬ್ಬಾರ್. "ಎದ್ರೆ ಮುಗೀತು." ತಿಪ್ಪೇಶಿ ಮೇಷ್ಟ್ರು ನನ್ನ ಕಡೆ ಕೈಯೆತ್ತಿ ಬೇಡ ಬೇಡ ಎಂಬಂತೆ ಆಡಿಸಿದರು. ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು. ನಾನಾಗಲೇ ಎಲೆ ದಾಟಿದ್ದೆ. ಕೊಪ್ಪರಿಗೆಯಿಂದ ಅನ್ನ ತಂದೆ, ಗೊಜ್ಜು ತಂದೆ.

ಅತ್ತಿಗೆ ನನ್ನ ಸೌಟಿಗೆ ಅಡ್ಡ ಕೈ ಹಿಡಿದರು. "ಬೇಡ ದಾಕ್ಷಿ. ಆ ಆಟದ ಬಗ್ಗೆ ಮಾತಾಡದೆ ನೀನು ಬದುಕೋದು ಹೆಂಗೆ?"

"ಎಲೆ ಮುಂದೆ ಕೂತೋರು ಮಾತಾಡಬಾರದು ಅತ್ತಿಗೆ. ಕೈ ತೆಗೀರಿ."

ಅವರು ಕೈ ತೆಗೆದರು. ನಾನು ಬಡಿಸಿದೆ. ಬೆಲ್ಲದ ವಾಸನೆಯ ಹಬೆ ಇಬ್ಬರ ಮುಖದ ನಡುವೆ ಎದ್ದಿತು. ಅತ್ತಿಗೆ ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ಇನ್ನೂರು ಕೈಗಳು ಒಟ್ಟಿಗೆ ಎಲೆಗೆ ಬಿದ್ದವು.

ಚೆನ್ನಾಗಿತ್ತಂತೆ. ನಾನು ಆಮೇಲೆ ಹಿಂದಿನ ಅಂಗಳದಲ್ಲಿ ನಿಂತುಕೊಂಡು, ತಟ್ಟೆಯಲ್ಲಿ ಹಾಕಿಕೊಂಡು ಉಂಡೆ. ನಿಜವಾಗಿಯೂ ಚೆನ್ನಾಗಿತ್ತು. ಒಳಗೆ ಕೈತೊಳೆಯುವ ಸಾಲಿನಲ್ಲಿ "ಮುಗೀತು, ಮುಗೀತು" ಅನ್ನುವುದು ಕೇಳಿಸುತ್ತಿತ್ತು. ಅತ್ತಿಗೆಯ ದನಿಯೂ ಕೇಳಿಸಿತು, "ಮುಗೀತಪ್ಪ." ಅದರ ಬೆನ್ನಿಗೇ ಐದು ದಿನದಿಂದ ಕಟ್ಟಿದ್ದ ಮಾತೆಲ್ಲ ಒಡೆದುಕೊಂಡಿತು. ಜಬ್ಬಾರ್ ಎರಡನೇ ಗೋಲಿನ ಬಗ್ಗೆ ಕಿರುಚುತ್ತಿದ್ದ, ಬೋರಣ್ಣ ಅಂಪೈರಿನ ಅಜ್ಜಿಯ ತನಕ ಹೋಗಿದ್ದ, ಯಾರೋ ಗೋಲ್‌ಕೀಪರಿನ ಪರವಾಗಿ ವಾದಿಸುತ್ತಿದ್ದರು. ಎಲ್ಲರೂ ಹೇಳುತ್ತಿದ್ದುದು ಅರ್ಧ ತಪ್ಪು. ತಿದ್ದಲೆಂದು ಬಾಯಿ ತೆರೆದೆ, ಮಾತು ಬರಲಿಲ್ಲ. ಗೊಜ್ಜು ಇನ್ನೊಂದು ಸೌಟು ಹಾಕಿಕೊಂಡೆ. ಅಣ್ಣ ಪಕ್ಕದಲ್ಲಿ ಬಂದು ನಿಂತು, "ಬೇಜಾರಾ?" ಅಂದ. ಇಲ್ಲವೆಂದು ತಲೆಯಾಡಿಸಿದೆ. ಅದು ಸುಳ್ಳಲ್ಲ.

ಬೇಜಾರಾದದ್ದು ಮುಂದಿನ ವಾರ, ಮೈದಾನದಲ್ಲಿ. ಹುಡುಗಿಯರು ಕೋಲು ಹಿಡಿದು ಸುತ್ತ ನಿಂತು, "ಟೀಚರ್, ಆ ಮೂರನೇ ಗೋಲು ತಡೆಯೋಕೆ ಆಗ್ತಿರ್ಲಿಲ್ವಾ? ಏನು ಮಾಡಬೇಕಿತ್ತು?" ಅಂತ ಕೇಳಿದರು. ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ನನ್ನಲ್ಲಿ ಉತ್ತರ ಪೂರ್ತಿಯಿತ್ತು, ನಾಲಿಗೆ ಏಳಲಿಲ್ಲ. ಕೈಗೆ ಕಟ್ಟಿಲ್ಲ, ಬರೆದು ಕೊಡಬಹುದು, ಈಗ ಇದನ್ನು ಬರೆಯುತ್ತಿರುವ ಹಾಗೆ. ಆದರೆ ಹಾಕಿ ಚೀಟಿ ಓದಿ ಕಲಿಯುವ ಆಟವಲ್ಲ. ನಾನು ಶಿಳ್ಳೆ ಊದಿ ಅವರನ್ನು ಓಡಲು ಕಳಿಸಿದೆ.

ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾರು ಹೇಳಿದರೋ. ಮರುದಿನ ಸಂಜೆ ಅತ್ತಿಗೆ ಮೈದಾನದ ಅಂಚಿನಲ್ಲಿ ಬಂದು ನಿಂತಿದ್ದರು. ಆ ಪಂದ್ಯವನ್ನು ಮತ್ತೆ ಟಿವಿಯಲ್ಲಿ ಹಾಕಿದ್ದರಂತೆ, ಸಂಘದ ಹಜಾರದಲ್ಲಿ ಒಬ್ಬರೇ ಕೂತು ಎರಡು ಸಲ ನೋಡಿಕೊಂಡು ಬಂದಿದ್ದರು. ಕಾಳಿನ ಬುಟ್ಟಿ ಇರಲಿಲ್ಲ. ಹುಡುಗಿಯರನ್ನು ಕರೆದು, ನನ್ನನ್ನೂ ಕರೆದು, ಗೋಲಿನ ಮುಂದೆ ನಿಲ್ಲಿಸಿದರು.

"ನಾನು ಹೇಳ್ತೀನಿ, ಸರಿ ಇದ್ರೆ ನಿಮ್ಮ ಟೀಚರ್ ತಲೆ ಆಡಿಸ್ತಾರೆ," ಅಂದರು. "ಆ ಮೂರನೇದರಲ್ಲಿ ನಾವು ಸೋತಿದ್ದು ಯಾಕೆ ಅಂದ್ರೆ, ಗೋಲು ಕಾಯೋಳು ನಿದ್ದೆ ಮಾಡ್ತಿದ್ಲು. ಅಲ್ವಾ?"

ನಾನು ಅಡ್ಡಡ್ಡ ತಲೆಯಾಡಿಸಿದೆ.

"ಅಲ್ಲ. ಸರಿ. ಹಾಗಾದ್ರೆ ಮೊದಲು ಓಡಿ ಬರೋಳು ತಡ ಮಾಡಿದ್ಲು."

ಕೈಯನ್ನು ಹೀಗೂ ಇಲ್ಲ, ಹಾಗೂ ಇಲ್ಲ ಎಂಬಂತೆ ಆಡಿಸಿದೆ. ಹುಡುಗಿಯರು ನಗುತ್ತಿದ್ದರು.

"ಸ್ವಲ್ಪ ತಡ. ಅದು ಮುಖ್ಯ ಅಲ್ಲ," ಅಂದರು ಅತ್ತಿಗೆ, ಹುಬ್ಬು ಗಂಟಿಕ್ಕಿ. ಒಬ್ಬಳ ಕೈಯಿಂದ ಕೋಲು ತೆಗೆದುಕೊಂಡರು, ತಲೆಕೆಳಗಾಗಿ. ಹುಡುಗಿ ಅದನ್ನು ತಿರುಗಿಸಿ ಕೊಟ್ಟಳು. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಂಬದ ಪಕ್ಕ, ನಮ್ಮ ಆ ಹುಡುಗಿ ನಿಂತಿದ್ದ ಜಾಗದಲ್ಲೇ ಹೋಗಿ ನಿಂತರು. ಕೋಲನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸ್ವಲ್ಪ ಇಳಿಸಿದರು. ಸುಮ್ಮನಿದ್ದೆ. ಕೋಲಿನ ತುದಿ ನೆಲಕ್ಕೆ ತಾಗುವ ತನಕ ಇಳಿಸಿದರು.

ನಾನು ಜೋರಾಗಿ ತಲೆಯಾಡಿಸಿದೆ.

"ನೋಡಿದ್ರಾ? ಕೋಲು ನೆಲದಲ್ಲಿರಬೇಕಿತ್ತು," ಅಂದರು ಅತ್ತಿಗೆ ಹುಡುಗಿಯರಿಗೆ. "ಈಗ ಒಬ್ಬೊಬ್ರೇ ಹೊಡೀರಿ. ಮೆಲ್ಲಗೆ. ನನಗೆ ಐವತ್ತೊಂದು ವರ್ಷ."